ಸುಮ್ಮನಿದ್ದ ಬೀದಿ

“ನಿಮ್ಮ ಬೀದಿಗೆ ಮೂರು ಗಂಟೆಯಿಂದ ಸಂಜೆಯವರೆಗೆ ಕರೆಂಟು ಇರುವುದಿಲ್ಲ. ಸಹಕಾರಕ್ಕೆ ಧನ್ಯವಾದ.” ಫೋನಿಗೆ ಬಂದ ಸಂದೇಶ ಓದಿದ ಟೈಲರಕ್ಕ ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು ಒಳಗೆ ಓಡಿದಳು. ಮಂಚದ ಪಕ್ಕದಲ್ಲಿ ಅಪ್ಪನ ಆಕ್ಸಿಜನ್ ಯಂತ್ರ ಗುರ್ರೆನ್ನುತ್ತಿತ್ತು. ಅದರ ಬ್ಯಾಟರಿ ರಿಪೇರಿಗೆ ಹೋಗಿದೆ. ಮೂಲೆಯ ಸಿಲಿಂಡರಿನ ಮುಳ್ಳು ಆಗಲೇ ಕೆಂಪು ಗೆರೆ ಮುಟ್ಟಿದೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರೋದು ಹೊತ್ತಾಗುತ್ತೆ ಅಂದರು. ಗಡಿಯಾರದಲ್ಲಿ ಎರಡೂವರೆ.

“ಲೋ, ನಿನ್ನ ಲೆಕ್ಕಪ್ಪನಿಗೆ ತಲೆಗಿಲೆ ಕೆಟ್ಟಿದೆಯೇನೋ?” ಊಟಕ್ಕೆ ಕೂತಿದ್ದ ತಮ್ಮನ ಮೇಲೆ ಹರಿಹಾಯ್ದಳು.

ಲೆಕ್ಕಪ್ಪ ಅಂದರೆ ಮನುಷ್ಯನಲ್ಲ, ಕಂಪ್ಯೂಟರು. ಪುರಸಭೆ ಸದಸ್ಯರನ್ನೆಲ್ಲ ಮನೆಗೆ ಕಳಿಸಿ, ಊರಿನ ನೀರು, ಕರೆಂಟು, ರಸ್ತೆ ಎಲ್ಲವನ್ನೂ ಅದರ ಕೈಗೆ ಕೊಟ್ಟಾಗ ಜನ ಇಟ್ಟ ಹೆಸರು ಅದು. ಅದಕ್ಕೆ ಪಾಠ ಹೇಳಿಕೊಟ್ಟವರಲ್ಲಿ ಈ ತಮ್ಮನೂ ಒಬ್ಬ. ಸುಳ್ಳು ಯಾಕೆ ಹೇಳಬೇಕು, ಲೆಕ್ಕಪ್ಪ ಬಂದ ಮೇಲೆ ಲಂಚವಿಲ್ಲ, ವಶೀಲಿಯಿಲ್ಲ, ರಸ್ತೆಯಲ್ಲಿ ಗುಂಡಿಯಿಲ್ಲ. ಜನ ಖುಷಿಯಾಗಿಯೇ ಇದ್ದರು.

ತಮ್ಮ ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದ. ನೋಡುತ್ತ ನೋಡುತ್ತ ತಟ್ಟೆ ಪಕ್ಕಕ್ಕೆ ಸರಿಸಿದ. “ಅಕ್ಕಾ, ಕರೆಂಟು ಸಾಲದಿದ್ದಾಗ ಎಲ್ಲಿ ಬೇಕಾಗಿಲ್ವೋ ಅಲ್ಲಿ ತೆಗೆದುಬಿಡು ಅಂತ ಹೇಳಿಕೊಟ್ಟಿದ್ದೀವಿ. ಮಧ್ಯಾಹ್ನದ ಹೊತ್ತು ಇಡೀ ಊರಿಗೇ ಕಮ್ಮಿ ಬಳಸೋದು ನಮ್ಮ ಬೀದಿ.”

ಟೈಲರಕ್ಕ ಹಣೆ ಚಚ್ಚಿಕೊಂಡಳು. ಕಮ್ಮಿ ಬಳಸದೆ ಇನ್ನೇನು? ಹಿಂದೆ ಎಲ್ಲರೂ ಒಟ್ಟಿಗೆ ಫ್ಯಾನು ಹಾಕಿದರೆ ಟ್ರಾನ್ಸ್‌ಫಾರ್ಮರ್ ಢಬ್ ಎಂದು ಹೋಗಿಬಿಡುತ್ತಿತ್ತು. ಅವಳ ಅಪ್ಪ ಬೀದಿಗೆಲ್ಲ ಡ್ರೈವರಜ್ಜ. ಮಕ್ಕಳನ್ನೆಲ್ಲ ಶಾಲೆ ಬಸ್ಸಿನಲ್ಲಿ ಕರೆದೊಯ್ದು ಕರೆತಂದ ಡ್ರೈವರಜ್ಜನ ಉಸಿರು ಮೊದಲು, ನಮ್ಮ ಸೆಕೆ ಆಮೇಲೆ ಅಂತ ಅಕ್ಕಪಕ್ಕದವರೇ ಮಾತಾಡಿಕೊಂಡು, ಅಜ್ಜನಿಗೆ ಉಬ್ಬಸ ಹೆಚ್ಚುವ ಮಧ್ಯಾಹ್ನದ ಹೊತ್ತಲ್ಲಿ ಎಲ್ಲವನ್ನೂ ಆರಿಸಿ ಕೂರುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಬದಲಾಯಿತು, ರೂಢಿ ಮಾತ್ರ ಹಾಗೇ ಉಳಿಯಿತು.

“ಅವರೆಲ್ಲ ಬೆವರು ಒರೆಸಿಕೊಂಡು ಕೂತಿರೋದು ಅಪ್ಪನಿಗೋಸ್ಕರ ಕಣೋ! ಹೇಳೋ ಅದಕ್ಕೆ!”

“ಹೇಳೋ ಹಾಗಿಲ್ಲ ಅಕ್ಕಾ. ನೋಡೋಣಪ್ಪ ಸದಸ್ಯನಾಗಿದ್ದಾಗ ರೋಗಿಗಳ ಮನೆ ಅಂತ ಅವನ ಬೀಗರ ಮನೆಗಳಿಗೇ ಕರೆಂಟು ಉಳಿಸ್ತಿದ್ದ. ಅದಕ್ಕೇ ಮನುಷ್ಯರ ಮಾತು ನಂಬಬೇಡ, ಮೀಟರು ಮಾತ್ರ ನಂಬು ಅಂತ ಮಾಡಿದ್ವಿ.” ಅವನ ದನಿ ಇಳಿದುಹೋಯಿತು. “ನಾನೇ ಮಾಡಿದ್ದು.”

ಅವಳು ಚಪ್ಪಲಿಯನ್ನೂ ಹಾಕದೆ ಬೀದಿಗೆ ಇಳಿದಳು. ಕಾಲು ತಾನಾಗಿಯೇ ಎರಡು ಮನೆ ಆಚೆಗಿನ ಗೇಟಿಗೆ ಹೋಗಿ ನಿಂತಿತು. ಮಾಜಿ ಸದಸ್ಯನ ಮನೆ. ಏನು ಕೇಳಿದರೂ “ನೋಡೋಣಪ್ಪ” ಅನ್ನುತ್ತಿದ್ದವನಿಗೆ ಅದೇ ಹೆಸರು ಅಂಟಿಕೊಂಡಿತ್ತು. ಅವನೂ ಫ್ಯಾನು ಆರಿಸಿ, ಬನಿಯನ್ನಿನಲ್ಲಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ. ಟೈಲರಕ್ಕ ಲೆಕ್ಕಪ್ಪನ ಲೆಕ್ಕವನ್ನೆಲ್ಲ ಹೇಳಿದಳು.

“ನನ್ನ ಕೈಲೇನಿದೆ ತಾಯಿ ಈಗ? ನೋಡೋ...” ಅಂದವನು ಅವಳ ಮುಖ ನೋಡಿ ಬಾಯಿ ಮುಚ್ಚಿದ. ಆಮೇಲೆ ಎದ್ದೇ ನಿಂತ. “ಬೇಡ ಅಂದ್ಕೊಂಡಿದೆ ತಾನೇ ಅದು? ಬೇಕು ಅಂತ ಗಲಾಟೆ ಮಾಡೋಣ ಬಾ! ನಾನು ಕುರ್ಚೀಲಿದ್ದಾಗಲೂ ಗಲಾಟೆ ಮಾಡಿದೋರ ಕೆಲಸಾನೇ ಮೊದಲು ಆಗ್ತಿದ್ದಿದ್ದು.”

ಪಂಚೆ ಎತ್ತಿ ಕಟ್ಟಿಕೊಂಡು ಮನೆ ಮನೆಯ ಬಾಗಿಲು ಬಡಿದ. “ಏನಮ್ಮಾ, ಹಾಕ್ರಮ್ಮಾ ಎಲ್ಲಾನೂ! ಏನೇನಿದೆಯೋ ಎಲ್ಲಾ ಹಾಕ್ರಿ!” ಚುನಾವಣೆಯಲ್ಲೂ ಅವನು ಇಷ್ಟು ಬಾಗಿಲು ಬಡಿದಿರಲಿಲ್ಲ. ಫ್ಯಾನುಗಳು ತಿರುಗಿದವು. ಬಟ್ಟೆಯಿಲ್ಲದ ವಾಷಿಂಗ್ ಮಶೀನುಗಳು ಗಡಗಡ ಅಂದವು, ಖಾಲಿ ಮಿಕ್ಸಿಗಳು ಅರಚಿದವು, ಇಸ್ತ್ರಿ ಪೆಟ್ಟಿಗೆಗಳು ಸುಮ್ಮನೆ ಕಾದವು. ಹಾಡುಹಗಲಲ್ಲಿ ದೀಪಗಳೆಲ್ಲ ಉರಿದವು. ಒಬ್ಬಾಕೆ ಮೂರು ಹೀಟರು ಹಾಕಿ ಬೈದುಕೊಂಡು ಹೊರಗೆ ಬಂದಳು.

ಟೈಲರಕ್ಕ ಅಪ್ಪನ ಕೈ ಹಿಡಿದು ಯಂತ್ರದ ಪುಟ್ಟ ಹಸಿರು ದೀಪವನ್ನೇ ನೋಡುತ್ತ ಕೂತಳು. ಕರೆಂಟು ಹೋದರೆ ಅಪ್ಪ ಎಷ್ಟು ಹೊತ್ತು ತಾಳುತ್ತಾನೋ ಎಂಬ ಯೋಚನೆಯನ್ನು ನೂಕಿದಷ್ಟೂ ಅದು ಮತ್ತೆ ಬಂದು ಕೂರುತ್ತಿತ್ತು. ಗಡಿಯಾರದ ಮುಳ್ಳು ಮೂರಕ್ಕೆ ಬಂತು. ಮೂರನ್ನು ದಾಟಿತು. ಹಸಿರು ದೀಪ ಹಾಗೇ ಇತ್ತು.

“ಬಿಟ್ಟಿತು ಅಕ್ಕಾ! ನಮ್ಮನ್ನ ಬಿಟ್ಟಿತು!” ತಮ್ಮ ಲ್ಯಾಪ್‌ಟಾಪ್ ತಬ್ಬಿಕೊಂಡು ಎಳೆಮಗುವಿನ ಹಾಗೆ ಅತ್ತ. ಹೊರಗೆ ಬೀದಿಯವರು ಚಪ್ಪಾಳೆ ತಟ್ಟಿದರು. ನೋಡೋಣಪ್ಪ ಕಿಟಕಿಯಿಂದ ಇಣುಕಿ, ಗೆದ್ದವನ ಹಾಗೆ ಕೈ ಮುಗಿದ. ಟೈಲರಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಪ್ಪನ ಹಣೆ ಒರೆಸಿ, ಗಾಳಿಗೆಂದು ಹಿಂಬಾಗಿಲು ತೆರೆದಳು.

ಮೋರಿಯಾಚೆಗಿನ ಬೀದಿಯಲ್ಲಿ ಅಂಗಡಿಯ ಬೋರ್ಡಿನ ದೀಪ ಆರಿತ್ತು. ಮಹಡಿಯ ಕಿಟಕಿಯೊಂದರಲ್ಲಿ ಫ್ಯಾನು ನಿಧಾನವಾಗುತ್ತ ನಿಂತಿತು. ಒಬ್ಬಳು ಹೆಂಗಸು ಬರಿಗಾಲಲ್ಲಿ ಹೊರಗೆ ಓಡಿ ಬಂದು, ಫೋನನ್ನೊಮ್ಮೆ, ಹಗಲಲ್ಲೇ ದೀಪ ಉರಿಯುತ್ತಿದ್ದ ಇವರ ಮನೆಗಳನ್ನೊಮ್ಮೆ ನೋಡಿದಳು.

“ನಮ್ಮ ಬದಲು ಅವರದ್ದು ತೆಗೀತು,” ಹಿಂದಿನಿಂದ ತಮ್ಮ ಹೇಳಿದ. “ನಮ್ಮನ್ನ ಬಿಟ್ಟರೆ ಕಮ್ಮಿ ಬಳಸ್ತಿದ್ದೋರು ಅವರೇ.”

ಟೈಲರಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಲೋ... ಅವರು ಯಾರಿಗೋಸ್ಕರ ಸುಮ್ಮನಿದ್ರೋ?”