ಮೊದಲು ಏಳುವವರು ಯಾರು?

“ಹೊಸ ಜಾಗ ಇಲ್ಲಮ್ಮಾ. ನಿಮ್ಮ ಕಾಲ ಬಂದಾಗ ಯಜಮಾನರ ಸಮಾಧಿಯನ್ನೇ ಅಗೆದು, ಅವರ ಮೇಲೆ ನಿಮ್ಮನ್ನು ಮಲಗಿಸಬೇಕು. ಒಪ್ಪಿಗೆ ಇದ್ದರೆ ಇವತ್ತೇ ಸೈನ್ ಹಾಕಿ,” ಎಂದ ಪುರಸೈವಾಕ್ಕಂ ಕ್ರೈಸ್ತ ಸ್ಮಶಾನದ ಗುಮಾಸ್ತ, ತಮಿಳಿನಲ್ಲಿ.

ಎಪ್ಪತ್ತೆರಡರ ಕರುಣಮ್ಮ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ಮೇಲೇನಾ? ಕೆಳಗೆ ಆಗಲ್ವಾ?”

“ಅದಕ್ಕೆ ಅವರನ್ನು ಎಬ್ಬಿಸಿ ಕೇಳಬೇಕು.”

ಜೊತೆಗೆ ಬಂದಿದ್ದ ಪಕ್ಕದ ಮನೆಯ ಸುಮಿತ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಮೇಲಾದರೆ ಏನೀಗ ಕರುಣಕ್ಕ?”

“ಕರ್ತನು ಬರುವ ದಿನ ಸತ್ತವರೆಲ್ಲ ಏಳಲಿ ಅಂತ ತುತೂರಿ ಊದ್ತಾರಲ್ಲ, ಮೇಲಿದ್ದವಳು ಎದ್ದರೆ ತಾನೇ ಕೆಳಗಿದ್ದವರಿಗೆ ದಾರಿ? ನನ್ನ ಮಂಡಿ ನಿನಗೇ ಗೊತ್ತು. ಅವರೋ ರೈಲ್ವೆ ಗಾರ್ಡ್ ಆಗಿದ್ದವರು. ಒಂದು ನಿಮಿಷ ತಡವಾದರೆ ಕೆಳಗಿಂದಲೇ ಸೀಟಿ ಊದ್ತಾರೆ.”

“ನಮ್ಮ ಲಿಂಗಾಯತರದೇ ವಾಸಿ. ಕೂರಿಸಿಯೇ ಮಣ್ಣು ಮಾಡ್ತಾರೆ. ನಿಮ್ಮ ತುತೂರಿ ಕೇಳಿಸಿದರೆ ನಿಮಗಿಂತ ಮೊದಲು ನಾನು ಹೊರಟಿರ್ತೀನಿ.”

“ನಿನ್ನನ್ನು ಕರೆದವರು ಯಾರೇ?”

“ಪಕ್ಕದ ಮನೆಯವಳು ಅಂತ ನೀವು ಒಂದು ಮಾತು ಹೇಳಲ್ವಾ?”

ಗುಮಾಸ್ತ ಗಡಿಯಾರ ನೋಡಿದ. “ಬೇಡ ಅಂದರೆ ಊರಾಚೆ ಹೊಸ ಸ್ಮಶಾನ ಇದೆ. ಒಬ್ಬರಿಗೊಂದು ಗುಂಡಿ. ಇಲ್ಲಿಂದ ಮೂವತ್ತು ಕಿಲೋಮೀಟರ್.”

ಕರುಣಮ್ಮನ ಮುಖದಿಂದ ನಗು ಹೋಯಿತು. ಅವರು ಸುಮಿತ್ರಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದರು, “ಅವತ್ತು ಎಷ್ಟು ಜನ ಇರ್ತಾರೋ ಏನೋ. ಕನ್ನಡಕ ಇಲ್ಲದೆ ಅವರಿಗೆ ನನ್ನ ಮುಖ ಕಾಣಲ್ಲ. ಕನ್ನಡಕ ಆಸ್ಪತ್ರೆಯಲ್ಲೇ ಉಳಿದುಹೋಯಿತು.”

“ಅವತ್ತಿಗೆ ಕಣ್ಣೆಲ್ಲ ಸರಿಹೋಗುತ್ತೆ ಅಂತ ನೀವೇ ಹೇಳ್ತಿದ್ದಿರಲ್ಲ?”

“ಹೋಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಆ ಮೊದಲ ನಿಮಿಷ ಪಕ್ಕದಲ್ಲಿ ನಾನಿಲ್ಲದಿದ್ದರೆ ಗಾಬರಿ ಆಗ್ತಾರೆ.”

“ಕಣ್ಣು ಸರಿಹೋದರೆ ಮಂಡಿ ಸರಿಹೋಗಲ್ವಾ?”

ಇದು ಕರುಣಮ್ಮನಿಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಭಾನುವಾರ ತಪ್ಪದೆ ಚರ್ಚಿಗೆ ಹೋದವರು ತಾವು, ವಿಷಯ ಬಿಡಿಸಿ ಹೇಳುವವಳು ಇವಳು! ಮುಚ್ಚಳ ಕಿತ್ತು ಸೈನ್ ಹಾಕಿದರು.

ಹೊರಗೆ ಹನ್ನೊಂದರ ಬಿಸಿಲು ಸುಡುತ್ತಿತ್ತು. ಗಂಡನ ಸಮಾಧಿಯ ಹತ್ತಿರ ನಿಂತು, ಸುಮಿತ್ರಮ್ಮನ ಭುಜ ಹಿಡಿದು ಬಗ್ಗಿ, ಕಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

“ರೀ, ಮೊದಲು ನಾನೇ ಏಳ್ತೀನಿ. ಹಾಗಂತ ಕಣ್ಣು ಬಿಟ್ಟ ಕೂಡಲೇ ಕಾಫಿ ಕೇಳಬೇಡಿ.”