ಐದನೇ ಪ್ರಯತ್ನ

ಮಾನಸ ಗುದ್ದಲಿ ಕಾವಿನಿಂದ ಮಾವನ ಮುಂಗೈಗೆ ಹೊಡೆದಳು. ಮೂಳೆ ಲಟ್ಟೆಂದಿತು. ಮೇವು ಕತ್ತರಿಸುವ ಯಂತ್ರದ ಬಾಯಿಂದ ಕೈ ಎಳೆದುಕೊಂಡ ಪಿಳ್ಳಪ್ಪ ಗೋಡೆಗೊರಗಿ ಕುಸಿದ. ಅವನ ಹೆಗಲ ಟವೆಲು ಯಂತ್ರದ ಬಾಯಲ್ಲೇ ಉಳಿಯಿತು.

"ಮಾವನಿಗೇ ಹೊಡೀತೀಯೇನೇ, ಮನೆಹಾಳಿ?" ಕದಿರಮ್ಮ ಸೊಸೆಯ ಜಡೆ ಹಿಡಿದು ಹಣೆಯನ್ನು ಕಂಬಕ್ಕೆ ಜಜ್ಜಿದಳು. "ಕೆಟ್ಟು ನಿಂತಿರೋ ಮಿಷನ್ನು. ಸಿಕ್ಕೊಂಡಿದ್ದ ಜೋಳದ ಕಡ್ಡಿ ತೆಗೀತಿದ್ರು ಕಣೇ."

"ಕೆಟ್ಟಿಲ್ಲ ಅತ್ತೆ. ಮತ್ತೆ ಬರುತ್ತೆ."

ಬೆಳಿಗ್ಗೆ ಏಳಕ್ಕೆ ಸರ್ವರ್ ಕಳಿಸಿದ್ದ 'ಶುರು ಮಾಡು' ಎಂಬ ವೆಬ್‌ಹುಕ್ ಸಂದೇಶ, ನೆಟ್‌ವರ್ಕ್ ಇಲ್ಲದೆ ಕೊಟ್ಟಿಗೆಯ ಯಂತ್ರಕ್ಕೆ ತಲುಪಿರಲಿಲ್ಲ. ಉತ್ತರ ಬಾರದಿದ್ದರೆ ಒಂದು, ಎರಡು, ನಾಲ್ಕು, ಎಂಟು ನಿಮಿಷ ಬಿಟ್ಟು ಮತ್ತೆ ಮತ್ತೆ ಕಳಿಸುವ ನಿಯಮ ಬರೆದವಳು ಮಾನಸಳೇ. ಆ ನಡುವೆ ಯಾರಾದರೂ ಒಳಗೆ ಕೈ ಹಾಕಬಹುದೆಂದು ಅವಳು ಯೋಚಿಸಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಮರಳಿದಾಗ ಏಳು ಹದಿನಾಲ್ಕು; ಐದನೇ ಸಂದೇಶ ಏಳು ಹದಿನೈದಕ್ಕೆ. ಕೊಟ್ಟಿಗೆಗೆ ಓಡಿಬಂದರೆ ಮಾವನ ಕೈ ಮಣಿಕಟ್ಟಿನವರೆಗೆ ಒಳಗಿತ್ತು. ವಿವರಿಸಲು ಸಮಯವಿರಲಿಲ್ಲ.

ಹಣೆಯ ರಕ್ತ ಮಾನಸಳ ಕಣ್ಣಿಗಿಳಿಯಿತು. ಕದಿರಮ್ಮ ಜಡೆಯನ್ನು ಇನ್ನೊಮ್ಮೆ ಜಗ್ಗಿದಳು. "ಏನೇ ಬರೋದು?"

ಯಾರೂ ಮುಟ್ಟದೆ ಚಕ್ರ ತಿರುಗಿತು. ಅಲಗುಗಳು ಟವೆಲನ್ನು ಒಳಗೆಳೆದು, ಚಿಂದಿ ಮಾಡಿ ಉಗುಳಿದವು. ಜಡೆ ಹಿಡಿದಿದ್ದ ಕದಿರಮ್ಮನ ಕೈ ತಾನಾಗಿಯೇ ಬಿಚ್ಚಿಕೊಂಡಿತು.