ಕಂಬದ ಹಿಂದೆ ಬಾಬಿನ್

"ಇನ್ನೊಂದು ಹೆಜ್ಜೆ ಓಡಿದ್ರೆ ಕಾಲು ಮುರೀತೀನಿ!"

ಅಕ್ಕ ಕೂಗಿದ್ದು ನಾಯಿಗಲ್ಲ, ತಂಗಿಗೆ. ಎಷ್ಟೋ ದಿನಗಳ ಮೇಲೆ ಅವಳು ತಂಗಿಯೊಡನೆ ಆಡಿದ ಮೊದಲ ಮಾತು ಅದು.

ಮೇಲ್ಸೇತುವೆಯ ಕಂಬದ ಹಿಂದೆ ಅವರ ನಾಯಿ ಬಾಬಿನ್ ನಡುಗುತ್ತ ನಿಂತಿತ್ತು. ಎರಡೂ ಕಡೆ ವಾಹನಗಳು. ಯಾವುದೋ ಲಾರಿಯ ಟೈರು ಸಿಡಿದ ಸದ್ದಿಗೆ ಬೆಲ್ಟಿನಿಂದ ಕತ್ತು ನುಸುಳಿಸಿಕೊಂಡು ಓಟ ಕಿತ್ತಿದ್ದ ನಾಯಿ, ತಂಗಿ ಬೆನ್ನಟ್ಟಿದಷ್ಟೂ ಓಡಿ, ಈಗಷ್ಟೇ ಬಸ್ಸಿನ ಚಕ್ರದಿಂದ ಕೂದಲೆಳೆಯಲ್ಲಿ ಪಾರಾಗಿತ್ತು.

ಅಕ್ಕ ನಾಯಿ ಡಾಕ್ಟರಿಗೆ ಫೋನು ಮಾಡಿದಳು. ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಹಿಡಿದು ಕರೆಯಬೇಡಿ, ದಿಟ್ಟಿಸಬೇಡಿ ಎಂದರು ಅವರು. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿರಿ, ತಾನಾಗಿಯೇ ಬರುತ್ತೆ.

ಇಬ್ಬರೂ ಕೂತರು. ಆದರೆ ಮಾತೆಲ್ಲಿತ್ತು? ಹೊಲಿಗೆ ಅಂಗಡಿಯನ್ನು ಪಾಲು ಮಾಡುವ ವಿಷಯ ಎದ್ದಮೇಲೆ ಅವರ ನಡುವೆ ಇದ್ದದ್ದು ಬರೀ ಮಿಷನ್ನಿನ ಸದ್ದು.

"ಇವತ್ತು ಬಿಸಿಲು ಜಾಸ್ತಿ, ಅಲ್ವಾ ಅಕ್ಕ?"

"ಹೌದಮ್ಮ, ಜಾಸ್ತಿ."

ಬಾಬಿನ್ ಒಂದು ಹೆಜ್ಜೆ ಹಿಂದೆ ಸರಿಯಿತು, ರಸ್ತೆಯ ಅಂಚಿಗೆ.

"ಹಿಂಗೆ ನಾಟಕದೋಳ ಥರ ಉಲಿದ್ರೆ ಯಾವ ನಾಯಿ ಬರುತ್ತೆ?" ಅಕ್ಕ ಸಿಡುಕಿದಳು. "ಆ ಗಿರಾಕಿ ಕೋಟಿನ ತೋಳು ಗಿಡ್ಡ ಮಾಡಿಟ್ಟಾಗ ಎಲ್ಲಿತ್ತು ಈ ನಯ?"

"ಅಳತೆ ತಗೊಂಡೋರು ಯಾರು? ನೀನು ಟೇಪು ಹಿಡಿದ್ರೆ ಊರೋರಿಗೆಲ್ಲ ಮೋಟುಗೈ!"

"ಓಹೋ! ಅದಕ್ಕೇ ಬೇರೆ ಅಂಗಡಿ ಬೇಕಾ ನಿಂಗೆ?"

"ಬೇಕು ಅಂದೋಳು ನೀನು ತಾನೇ! ನಾನು ಯಾವತ್ತು ಬಾಯಿಬಿಟ್ಟೆ?"

ತಂಗಿಯ ಮೊಣಕೈಗೆ ಏನೋ ತಣ್ಣಗೆ ತಾಗಿತು. ಮೂಗು. ಅಂಗಡಿಯಲ್ಲಿ ಜಗಳ ಹತ್ತಿದಾಗಲೆಲ್ಲ ಎರಡು ಮಿಷನ್ನುಗಳ ಸಂದಿಗೆ ತೂರಿಕೊಳ್ಳುತ್ತಿದ್ದ ಹಾಗೆಯೇ ಬಾಬಿನ್ ಇಬ್ಬರ ನಡುವೆ ತೂರಿ ಮೈ ಚಾಚಿತು. ತಂಗಿ ತಲೆಯ ಮೇಲಿಂದ ಕೈ ತರದೆ, ಗದ್ದದಡಿಯಿಂದ ಮೆಲ್ಲಗೆ ಬೆರಳು ಜಾರಿಸಿ, ಕೈಯಲ್ಲೇ ಉಳಿದಿದ್ದ ಬೆಲ್ಟು ಬಿಗಿದಳು.

ಅಕ್ಕ ಉಸಿರು ಬಿಟ್ಟು, ಮುಖ ಆಚೆ ತಿರುಗಿಸಿ ಸುಮ್ಮನಾದಳು. ಅವಳು ಸುಮ್ಮನಾದದ್ದೇ ತಡ, ನಾಯಿ ಮತ್ತೆ ನಡುಗತೊಡಗಿತು.

"ನಿಲ್ಲಿಸ್ಬೇಡ ಅಕ್ಕ," ಎಂದಳು ತಂಗಿ, ಬೆಲ್ಟಿನ ಹಗ್ಗವನ್ನು ಕೈಗೆ ಸುತ್ತಿಕೊಂಡು ಏಳುತ್ತ. "ಮನೆ ಮುಟ್ಟೋ ತನಕ ಬೈತಾ ಇರು."